ಚಾಲಿ ಅಡಿಕೆ ಇಡಲೇ, ಮಾರಲೇ? ಉತ್ತರ ಕನ್ನಡದ ಓದುಗರ ನಾಲ್ಕು ಪ್ರಶ್ನೆ, ತಜ್ಞರ ಉತ್ತರ

ಶಿರಸಿ ಪೇಟೆಯ ಬಟ್ಟೆ ಅಂಗಡಿಯ ವ್ಯಾಪಾರ ಏಳುವುದೂ ಬೀಳುವುದೂ ಅಡಿಕೆ ಟೆಂಡರಿನ ದರದ ಜೊತೆಗೇ. ಕಾರವಾರದ ಹೋಟೆಲಿನವರು ಬಂದರಿನಲ್ಲಿ ದೋಣಿ ಎಷ್ಟು ತುಂಬಿ ಬಂತೆಂದು ಕೇಳಿಯೇ ಅಕ್ಕಿ ನೆನೆಹಾಕುತ್ತಾರೆ. ಒಂದು ಬೆಳೆ ಅಥವಾ ಒಂದು ದಂಡೆಯನ್ನು ನಂಬಿದ ಊರುಗಳಲ್ಲಿ ಒಬ್ಬರ ನಷ್ಟ ಒಬ್ಬರಲ್ಲೇ ನಿಲ್ಲುವುದಿಲ್ಲ. ಈ ಬಾರಿ ಆಯ್ದ ನಾಲ್ಕೂ ಪ್ರಶ್ನೆಗಳು ಅಂಥವು.

ಪ್ರಶ್ನೆ: ಶಿರಸಿ ತಾಲೂಕಿನಲ್ಲಿ ನಮ್ಮದು ಎರಡು ಎಕರೆ ತೋಟ. ಈ ವರ್ಷದ 18 ಕ್ವಿಂಟಲ್ ಚಾಲಿ (ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆ) ಅಟ್ಟದ ಮೇಲಿದೆ. ಸಂಘದಲ್ಲಿ ಎರಡೂವರೆ ಲಕ್ಷ ಬೆಳೆಸಾಲ, ಹೊರಗೆ ಒಂದೂವರೆ ಲಕ್ಷ ಕೈಸಾಲ ಇದೆ. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ. ಆರು ತಿಂಗಳು ಕಾದರೆ ದರ ಬರುತ್ತದೆ ಎಂದು ನೆರೆಯವರು ಹೇಳುತ್ತಾರೆ. ಮಾರಲೇ, ಇಡಲೇ?

ದರ ಏರುತ್ತದೋ ಇಲ್ಲವೋ ಎನ್ನುವುದಕ್ಕಿಂತ ಮೊದಲು, ಕಾಯುವುದಕ್ಕೆ ನಿಮಗೆ ತಿಂಗಳಿಗೆ ಎಷ್ಟು ಖರ್ಚು ಬೀಳುತ್ತದೆ ಎಂದು ನೋಡಿ. ಲೆಕ್ಕ ಸುಲಭವಾಗಲಿ ಎಂದು ಕ್ವಿಂಟಲ್‌ಗೆ 40,000 ರೂಪಾಯಿ ಹಿಡಿಯೋಣ. ನಿಮ್ಮ ದಿನದ ದರವನ್ನು ಅದರ ಜಾಗದಲ್ಲಿ ಹಾಕಿಕೊಳ್ಳಿ.

ಸಾಲವೇ ಇಲ್ಲದ ಮನೆಯವರೂ ಅಡಿಕೆಯನ್ನು ಪುಕ್ಕಟೆ ಇಟ್ಟುಕೊಳ್ಳಲಾಗುವುದಿಲ್ಲ. ಆ 40,000 ರೂಪಾಯಿ ಶೇ 7ರ ಠೇವಣಿಯಲ್ಲಿದ್ದರೆ ಆರು ತಿಂಗಳಿಗೆ 1,400 ಬರುತ್ತಿತ್ತು. ಒಣಗುವುದು, ಹುಳ ತಿನ್ನುವುದು ಸೇರಿ ತೂಕ ಶೇ 2 ಇಳಿದರೆ 800 ಹೋಯಿತು. ಚೀಲ, ಹಮಾಲಿ ಎಂದು ನೂರು ರೂಪಾಯಿ. ಅಲ್ಲಿಗೆ ಆರು ತಿಂಗಳ ನಂತರ 42,300 ಸಿಕ್ಕರೆ ಇವತ್ತು ಮಾರಿದ್ದಕ್ಕೆ ಸಮ, ಲಾಭ ಅದರ ಮೇಲಿನದ್ದು ಮಾತ್ರ.

ನಿಮ್ಮದು ಇದಕ್ಕಿಂತ ಬಿಗಿ. ಒಂದೂವರೆ ಲಕ್ಷ ಕೈಸಾಲಕ್ಕೆ ತಿಂಗಳಿಗೆ 3,000, ಆರು ತಿಂಗಳಿಗೆ 18,000 ಬಡ್ಡಿ. ಆ ಸಾಲ ತೀರಿಸಲು ಮಾರಬೇಕಾದ್ದು ಮೂರೂಮುಕ್ಕಾಲು ಕ್ವಿಂಟಲ್. ಆ ಮೂರೂಮುಕ್ಕಾಲನ್ನು ಮಾರದೆ ಕಾದಿರೆಂದರೆ, ಬಡ್ಡಿಯ ಬಾಬ್ತು ಕ್ವಿಂಟಲ್‌ಗೆ 4,800, ತೂಕದ್ದು 800 ಸೇರಿ 5,600 ರೂಪಾಯಿ ದರ ಏರಿದರೆ ಮಾತ್ರ ಸರಿಹೋಗುತ್ತದೆ. ಅಂದರೆ ಶೇ 14. ಅಷ್ಟು ಏರಿದ ವರ್ಷಗಳಿವೆ, ಆದರೆ ಕೈಸಾಲದ ಬಡ್ಡಿ ಏರದ ವರ್ಷವೂ ಓಡುತ್ತಲೇ ಇರುತ್ತದೆ. ಆದ್ದರಿಂದ ಮೊದಲು ಮಾರಬೇಕಾದ್ದು ಇದೇ ಪಾಲು. ಮಾರಲು ಮನಸ್ಸೇ ಒಪ್ಪದಿದ್ದರೆ ಸಂಘದಲ್ಲಿ ಅಡಿಕೆ ಅಡಮಾನ ಇಟ್ಟು ಕಡಿಮೆ ಬಡ್ಡಿಯ ಸಾಲ ಎತ್ತಿ, ಕೈಸಾಲವನ್ನು ಅದೇ ದಿನ ಮುಗಿಸಿ.

ಬೆಳೆಸಾಲದ ವಿಷಯ ಬೇರೆ. ರಾಜ್ಯದಲ್ಲಿ ಸಹಕಾರಿ ಸಂಘಗಳ ಮೂಲಕ ಕೊಡುವ ಅಲ್ಪಾವಧಿ ಸಾಲಕ್ಕೆ ಬಡ್ಡಿ ಇಲ್ಲ. ಅದರ ಮಿತಿಯನ್ನು 2023ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಆದರೆ ಈ ರಿಯಾಯಿತಿ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ‘ಇನ್ನು ಹದಿನೈದು ದಿನ ನೋಡೋಣ’ ಎಂದು ಗಡುವು ದಾಟಿಸಿ ರಿಯಾಯಿತಿ ಕಳೆದುಕೊಳ್ಳುವವರು ಬಹಳ. ಗಡುವಿಗೆ ಕಟ್ಟಲು ಒಂದು ವಾರದ ಮಟ್ಟಿಗೆ ಎಂದು ಹೊರಗಡೆ ಸಾಲ ತಂದು, ಹೊಸ ಸಾಲ ಎತ್ತಿ ತೀರಿಸುವ ಪದ್ಧತಿಯೂ ಇದೆ. ಹೊಸ ಸಾಲ ಮಂಜೂರಾಗುವುದು ತಡವಾದರೆ ಆ ವಾರ ತಿಂಗಳಾಗುತ್ತದೆ. ಇದಕ್ಕಾಗಿ ಆರೂಕಾಲು ಕ್ವಿಂಟಲ್ ಬದಿಗಿಡಿ. ಗಡುವಿಗೆ ಮೂರು ವಾರ ಮೊದಲೇ ಟೆಂಡರಿಗೆ ಹಾಕಿ.

ಇಲ್ಲಿಗೆ 10 ಕ್ವಿಂಟಲ್ ಆಯಿತು. ಉಳಿದ 8ರಲ್ಲಿ 3 ಮಳೆಗಾಲದ ಖರ್ಚಿಗೆ. ಕೊಳೆಮದ್ದಿಗೆ (ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ) ಮೈಲುತುತ್ತ, ಸುಣ್ಣ, ಹೊಡೆಯುವವರ ಕೂಲಿ ಎಲ್ಲಕ್ಕೂ ನಗದು ಬೇಕು. ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೊದಲ ಸಲ ಮಳೆ ಹಿಡಿಯುವ ಮೊದಲು, ಎರಡನೆಯದು 40–45 ದಿನ ಬಿಟ್ಟು. ಕೈಯಲ್ಲಿ ದುಡ್ಡಿಲ್ಲದೆ ಮೊದಲ ಮದ್ದು ತಡವಾದರೆ ಮುಂದಿನ ಫಸಲೇ ಉದುರುತ್ತದೆ. ದರಕ್ಕಾಗಿ ಕಾದು ಬೆಳೆಯನ್ನೇ ಕಳೆದುಕೊಂಡ ಲೆಕ್ಕ ಅದು. ಎಲೆಚುಕ್ಕಿ ರೋಗ ಹೊಕ್ಕ ತೋಟವಾದರಂತೂ ಈ ಹಣಕ್ಕೆ ಬೇರೆ ಯಾವ ಖರ್ಚನ್ನೂ ಹೊಂದಿಸಬೇಡಿ.

ಕೊನೆಗೆ ಉಳಿಯುವ 5 ಕ್ವಿಂಟಲ್ ನಿಮ್ಮದು, ಇಟ್ಟು ನೋಡಿ. ಅದನ್ನು ಸಾಧ್ಯವಾದಷ್ಟು ಸಿಪ್ಪೆಗೋಟಾಗಿಯೇ (ಸಿಪ್ಪೆ ಸುಲಿಯದೆ) ಇಡಿ, ಮಾರುವ ವಾರ ಸುಲಿಸಿ. ಸುಲಿದಿಟ್ಟ ಅಡಿಕೆಗೆ ಹುಳ ಬೇಗ ಬೀಳುತ್ತದೆ. ಪೂರ್ತಿ ಒಣಗದ್ದನ್ನು ಚೀಲಕ್ಕೆ ತುಂಬಿದರೆ ಒಳಗೆ ಬೂಸು ಹಿಡಿಯುತ್ತದೆ, ಮೇಲಿಂದ ಗೊತ್ತೇ ಆಗುವುದಿಲ್ಲ. ಹತ್ತಿಪ್ಪತ್ತು ಕಾಯಿ ಒಡೆದು ನೋಡಿಯೇ ತುಂಬಿ. ಚೀಲ ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆ ಮೇಲಿರಲಿ. ಟೆಂಡರಿಗೆ ಒಯ್ಯುವಾಗ ಚಾಲಿಯೊಳಗೆ ಬಿಳೆಗೋಟು, ಕೋಕಾದಂಥ ಕೆಳದರ್ಜೆಯ ಅಡಿಕೆ ಸೇರಿಸಬೇಡಿ. ನಾಲ್ಕು ಕಿಲೋ ಕೋಕಾ ಸಾಗಿಸುವ ಆಸೆಗೆ ಇಡೀ ರಾಶಿಯ ದರ ಇಳಿಯುತ್ತದೆ.

ಇನ್ನು ದರ ಯಾಕೆ ಏರಿಳಿಯುತ್ತದೆ ಎನ್ನುವುದು. ನಮ್ಮ ಚಾಲಿಗೆ ಗಿರಾಕಿ ಇರುವುದು ಉತ್ತರ ಭಾರತದಲ್ಲಿ, ಹೀಗಾಗಿ ಅಲ್ಲಿನ ಬೇಡಿಕೆ ಮತ್ತು ಹೊರದೇಶದ ಅಡಿಕೆ ಎರಡೂ ಇಲ್ಲಿನ ದರಕ್ಕೆ ತಟ್ಟುತ್ತವೆ. ಆಮದಿನ ಕನಿಷ್ಠ ಬೆಲೆಯನ್ನು (ಅದಕ್ಕಿಂತ ಅಗ್ಗದ ಅಡಿಕೆ ತರುವಂತಿಲ್ಲ) 2023ರ ಫೆಬ್ರುವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ಬೆಳೆಗಾರರಿಗೆ ಆಸರೆಯಾಯಿತು. ಅದಕ್ಕೆ ಹಿಂದಿನ ವರ್ಷವೇ ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಆ ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು ಅನುಮತಿಯಾಗಿತ್ತು. ಇಂಥ ಆದೇಶ ಯಾವ ದಿನ ಬರುತ್ತದೆಂದು ನೆರೆಯವರಿಗೂ ಗೊತ್ತಿರುವುದಿಲ್ಲ. 2014ರಲ್ಲಿ ಕೆಂಪಡಿಕೆ (ಬೇಯಿಸಿ ಒಣಗಿಸಿದ ಅಡಿಕೆ) ದರ ಎಂದೂ ಕಾಣದಷ್ಟು ಏರಿ ಮರುವರ್ಷ ಇಳಿದಾಗ, ಇನ್ನೂ ಏರುತ್ತದೆಂದು ಸಾಲ ಮಾಡಿ ಹಿಡಿದಿಟ್ಟವರೇ ಹೆಚ್ಚು ಪೆಟ್ಟು ತಿಂದದ್ದು.

ಪ್ರಶ್ನೆ: ಸದಾಶಿವಗಡದಲ್ಲಿ ದಿನಸಿ ಅಂಗಡಿ. ವರ್ಷಕ್ಕೆ ಯುಪಿಐಯಲ್ಲಿ 31 ಲಕ್ಷ ಬಂದಿದೆ, ನಗದು ಸುಮಾರು 14 ಲಕ್ಷ. ಗೋವೆಯ ಕಾಣಕೋಣದ ಎರಡು ಅಂಗಡಿಗೆ ತೆಂಗಿನೆಣ್ಣೆಯನ್ನೂ ಕಳಿಸುತ್ತೇನೆ. ಜಿಎಸ್‌ಟಿ ಮಾಡಿಸಬೇಕೆ? ಕ್ಯೂಆರ್ ಬೋರ್ಡ್ ತೆಗೆದುಬಿಡಲೇ?

ಬೋರ್ಡ್ ತೆಗೆಯಬೇಡಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಬಹಳ ಕಡೆ ‘ನಗದು ಮಾತ್ರ’ ಎಂಬ ಚೀಟಿ ಅಂಟಿತು. ಆದರೆ ವಹಿವಾಟು ಎಂದರೆ ನಗದು, ಯುಪಿಐ ಎರಡೂ ಸೇರಿದ್ದು. ಬೋರ್ಡ್ ತೆಗೆದರೆ ಗಿರಾಕಿ ಹೋಗುತ್ತಾರೆ, ಹೊಣೆ ಉಳಿಯುತ್ತದೆ.

ಸಾಮಾನು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. ಹೋಟೆಲ್, ಚಹಾದಂಗಡಿ ಸೇವೆಯ ಲೆಕ್ಕದಲ್ಲಿ ಬರುತ್ತವೆ ಎಂಬುದನ್ನು ಹಲವರು ಮರೆಯುತ್ತಾರೆ. ಮಿತಿಯ ಲೆಕ್ಕಕ್ಕೆ ತೆರಿಗೆ ಇಲ್ಲದ ಹಾಲು, ತರಕಾರಿ, ಬಿಡಿ ಅಕ್ಕಿಯ ಮಾರಾಟವೂ ಸೇರುತ್ತದೆ. ತೆರಿಗೆ ಇಲ್ಲದ ಸಾಮಾನನ್ನಷ್ಟೇ ಮಾರುವವರಿಗೆ ಮಾತ್ರ ನೋಂದಣಿ ಬೇಡ. ನಿಮ್ಮದು 45 ಲಕ್ಷ, ಹಾಗಾಗಿ ಬೇಕು. ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು.

ತೊಡಕಿರುವುದು ಆ ತೆಂಗಿನೆಣ್ಣೆಯಲ್ಲಿ. ಕಾಳಿ ಸೇತುವೆಯ ಆಚೀಚೆ ಇರುವವರಿಗೆ ಕಾಣಕೋಣ ನೆರೆಯೂರೇ, ಕಾನೂನಿಗೆ ಅದು ಹೊರರಾಜ್ಯ. ತೆರಿಗೆ ಬೀಳುವ ಸಾಮಾನನ್ನು ಹೊರರಾಜ್ಯಕ್ಕೆ ಕಳಿಸಿದರೆ ವಹಿವಾಟು ಎಷ್ಟೇ ಇರಲಿ ನೋಂದಣಿ ಕಡ್ಡಾಯ. ಜೊತೆಗೆ ಸಣ್ಣವರಿಗೆ ಸುಲಭವಾದ ರಾಜಿ ತೆರಿಗೆಯ ದಾರಿಯೂ, ಅಂದರೆ ಕಾಂಪೊಸಿಷನ್ ಪದ್ಧತಿಯೂ, ಮುಚ್ಚುತ್ತದೆ. ಅದರಲ್ಲಿ ವ್ಯಾಪಾರಿ ತೆರಿಗೆ ಬೀಳುವ ಮಾರಾಟದ ಶೇ 1ನ್ನು ಕಟ್ಟಿದರೆ ಸಾಕು. 45 ಲಕ್ಷದಲ್ಲಿ 15 ಲಕ್ಷ ಬಿಡಿ ಅಕ್ಕಿ, ಹಾಲು, ತರಕಾರಿ ಎಂದಾದರೆ ಉಳಿದ 30 ಲಕ್ಷಕ್ಕೆ ವರ್ಷಕ್ಕೆ 30,000. ಮೂರು ತಿಂಗಳಿಗೊಮ್ಮೆ ಕಟ್ಟುವುದು, ವರ್ಷಕ್ಕೊಂದು ರಿಟರ್ನ್. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ನೀವು ಕೊಂಡಾಗ ಕೊಟ್ಟ ತೆರಿಗೆ ವಾಪಸೂ ಇಲ್ಲ.

ಮಾಮೂಲಿ ನೋಂದಣಿಯಲ್ಲಿ ಕೊಂಡಾಗ ಕೊಟ್ಟ ತೆರಿಗೆ ಕಳೆದು ಉಳಿದದ್ದು ಕಟ್ಟುವುದು. ಶೇ 5ರ ಸಾಮಾನೇ ಹೆಚ್ಚಿದ್ದು ಲಾಭಾಂಶ ಶೇ 10 ಇದ್ದರೆ ಕಟ್ಟುವ ಮೊತ್ತ ರಾಜಿ ತೆರಿಗೆಗಿಂತ ಕಡಿಮೆಯೇ ಆಗಬಹುದು. ಬದಲಿಗೆ ಪ್ರತಿ ಬಿಲ್ಲಿನ ಲೆಕ್ಕ, ಲೆಕ್ಕಿಗರ ಫೀಸು ಬೀಳುತ್ತದೆ. ಗೋವೆಯ ಎಣ್ಣೆಯಿಂದ ವರ್ಷಕ್ಕೆ ಉಳಿಯುವುದು ಆ ಫೀಸಿಗಿಂತ ಹೆಚ್ಚಿಲ್ಲದಿದ್ದರೆ ಆ ವ್ಯಾಪಾರ ಬಿಟ್ಟು ರಾಜಿ ತೆರಿಗೆಗೆ ಹೋಗುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಇವತ್ತೇ ಮಾಡಬೇಕಾದ್ದು, ಅಂಗಡಿಗೆಂದೇ ಬೇರೆ ಖಾತೆ. ಮಗ ಕಳಿಸಿದ ದುಡ್ಡು, ಚೀಟಿ ಎತ್ತಿದ್ದು, ನಗದು ಕೊಟ್ಟು ಯುಪಿಐ ಹಾಕಿಸಿಕೊಂಡದ್ದು ಎಲ್ಲ ಅಂಗಡಿಯ ಕ್ಯೂಆರ್‌ಗೇ ಬಿದ್ದರೆ ಅದೂ ಮಾರಾಟವೆಂದೇ ಕಾಣುತ್ತದೆ. ನೋಟಿಸ್ ಬಂದರೆ ಕೊಟ್ಟ ದಿನದೊಳಗೆ ಬರಹದಲ್ಲಿ ಉತ್ತರಿಸಿ, ಯಾವುದು ಮಾರಾಟ, ಯಾವುದಲ್ಲ, ಯಾವುದು ತೆರಿಗೆ ಇಲ್ಲದ ಸಾಮಾನು ಎಂದು ಬಿಡಿಸಿ ತೋರಿಸಿ. ಉದ್ರಿ ಪುಸ್ತಕವನ್ನು ಎಸೆಯಬೇಡಿ, ಅದೇ ನಿಮ್ಮ ಸಾಕ್ಷಿ.

ಪ್ರಶ್ನೆ: ನಿವೃತ್ತಿಯ 12 ಲಕ್ಷವನ್ನು ಊರಿನ ಸಹಕಾರಿ ಸಂಘದಲ್ಲಿ ಇಟ್ಟಿದ್ದೇನೆ. ಬ್ಯಾಂಕಿಗಿಂತ ಒಂದೂವರೆ ಟಕ್ಕೆ (ಶೇಕಡಾ) ಹೆಚ್ಚು ಬಡ್ಡಿ. ಭದ್ರವೇ?

ಸಂಘ ಒಳ್ಳೆಯದಿರಬಹುದು, ಆದರೆ ವಿಮೆ ಇಲ್ಲ. 2020ರ ಫೆಬ್ರುವರಿಯಿಂದ ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ವಿಮೆ ವಾಣಿಜ್ಯ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ಅನ್ವಯ. ಪ್ರಾಥಮಿಕ ಕೃಷಿ ಪತ್ತಿನ ಸಂಘ, ಸೌಹಾರ್ದ ಪತ್ತಿನ ಸಹಕಾರಿಗಳ ಠೇವಣಿಗೆ ಅದು ಇಲ್ಲ. ಆ 5 ಲಕ್ಷದಲ್ಲಿ ಬಡ್ಡಿಯೂ ಸೇರಿತು, ಒಂದೇ ಬ್ಯಾಂಕಿನ ಎಲ್ಲ ಶಾಖೆಯೂ ಸೇರಿತು.

12 ಲಕ್ಷದ ಮೇಲೆ ಒಂದೂವರೆ ಟಕ್ಕೆ ಎಂದರೆ ವರ್ಷಕ್ಕೆ 18,000. ಅದಕ್ಕಾಗಿ ಬಾಳಿನ ಗಂಟನ್ನೆಲ್ಲ ಒಂದೇ ಕಡೆ ಇಡುವುದು ಬೇಡ. ಅವಧಿ ಮುಗಿದಂತೆ ಎರಡು ಬ್ಯಾಂಕಿಗೆ ನಾಲ್ಕೂವರೆ ಲಕ್ಷದಂತೆ ಒಯ್ಯಿರಿ, 3 ಲಕ್ಷ ಸಂಘದಲ್ಲಿರಲಿ. ಸದಸ್ಯರಾಗಿದ್ದರೆ ವಾರ್ಷಿಕ ವರದಿಯನ್ನು ಮನೆಗೆ ತಂದು ಓದಿ: ಲೆಕ್ಕಪರಿಶೋಧನೆಯ ಶ್ರೇಣಿ ಎ, ಬಿ, ಸಿ, ಡಿಗಳಲ್ಲಿ ಯಾವುದು, ಕಟಬಾಕಿ (ಗಡುವಿಗೆ ತೀರದ ಸಾಲ) ಹೋದ ವರ್ಷಕ್ಕಿಂತ ಏರಿದೆಯೇ, ನಿರ್ದೇಶಕರ ಸಾಲ ಎಷ್ಟು. ಅಡಿಕೆ ದರ ಬಿದ್ದ ವರ್ಷ ಕಟಬಾಕಿ ಸ್ವಲ್ಪ ಏರುವುದು ಸಹಜ. ದರ ಚೆನ್ನಾಗಿದ್ದ ವರ್ಷವೂ ಏರಿದ್ದರೆ ಸಭೆಯಲ್ಲಿ ಎದ್ದು ಕೇಳಿ.

ಪ್ರಶ್ನೆ: ಅಂಕೋಲಾ ಕಡೆಯ ದಂಡೆಯಲ್ಲಿ ನಾವು ಹೆಂಗಸರು ಒಣಮೀನು ಮಾಡಿ ಮಾರುತ್ತೇವೆ. ಬಂದರು ಬರುತ್ತದೆ, ಜಾಗ ಹೋಗುತ್ತದೆ ಎಂದು ಸುದ್ದಿ. ಪಹಣಿ ನಮ್ಮ ಹೆಸರಲ್ಲಿಲ್ಲ. ನಮಗೆ ಏನೂ ಸಿಗುವುದಿಲ್ಲವೇ?

ಪಹಣಿ ಇಲ್ಲದಿದ್ದರೆ ಜಮೀನಿನ ಬೆಲೆ ಸಿಗದು, ಆದರೆ ಕಾನೂನಿನ ಕಣ್ಣಿಗೆ ನೀವು ಇಲ್ಲದವರಲ್ಲ. 2013ರ ಭೂಸ್ವಾಧೀನ ಕಾಯ್ದೆ ‘ಬಾಧಿತ ಕುಟುಂಬ’ ಎನ್ನುವಾಗ, ಸ್ವಾಧೀನಕ್ಕೆ ಹಿಂದಿನ ಮೂರು ವರ್ಷ ಜೀವನೋಪಾಯಕ್ಕೆ ಕಾಡು ಅಥವಾ ನೀರನ್ನೇ ನಂಬಿದವರನ್ನೂ ಸೇರಿಸುತ್ತದೆ. ಮೀನುಗಾರರು, ದೋಣಿಯವರು ಎಂದು ಹೆಸರಿಟ್ಟೇ ಹೇಳುತ್ತದೆ. ಆ ಮೂರು ವರ್ಷವನ್ನು ತೋರಿಸುವ ಹೊಣೆ ಮಾತ್ರ ನಿಮ್ಮ ಮೇಲೆ ಬೀಳುತ್ತದೆ. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆಯ ದಂಡೆಯ ಹಳ್ಳಿಗಳನ್ನು ಎಬ್ಬಿಸಿದ ಮೇಲೆ ಪರಿಹಾರದ ವ್ಯಾಜ್ಯ ದಶಕಗಟ್ಟಲೆ ನಡೆದದ್ದು ನಿಮಗೆ ಹೇಳಬೇಕಾಗಿಲ್ಲ.

ಸುದ್ದಿ ಸುದ್ದಿಯಾಗಿರುವಾಗಲೇ ಕಾಗದ ಕೂಡಿಸಿ: ಮೀನುಗಾರರ ಸಹಕಾರಿ ಸಂಘದ ಸದಸ್ಯತ್ವ, ಮೀನುಪೇಟೆಯ ಸುಂಕದ ಚೀಟಿ, ಉಪ್ಪು ಮತ್ತು ಮಂಜುಗಡ್ಡೆ ಕೊಂಡ ರಸೀದಿ, ಸ್ವಸಹಾಯ ಸಂಘದ ಪುಸ್ತಕ, ದಂಡೆಯಲ್ಲಿ ಮೀನು ಹರಡಿದ ತಾರೀಕಿರುವ ಫೋಟೊ. ಜೂನ್–ಜುಲೈಯ 61 ದಿನ ಯಾಂತ್ರಿಕ ದೋಣಿ ನಿಂತಿರುವಾಗಿನ ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಮನೆಯವರ ಹೆಸರಿದ್ದರೆ ಅದರ ಪಾಸ್‌ಬುಕ್ ಬಹಳ ಗಟ್ಟಿ ಪುರಾವೆ. ಎಲ್ಲರ ಪಟ್ಟಿಯನ್ನು ಒಟ್ಟಾಗಿ ಬರೆದು ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಆ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆ ಬಂದರೆ ಆಕ್ಷೇಪಣೆಗೆ 60 ದಿನ ಇರುತ್ತದೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಅಥವಾ ಹೆದ್ದಾರಿಗೆಂದು ಸ್ವಾಧೀನವಾದರೆ ಕಾನೂನು ಬೇರೆ, ದಿನಗಳೂ ಕಡಿಮೆ. ಆದ್ದರಿಂದ ನೋಟಿಸಿನ ತಲೆಯಲ್ಲಿ ಯಾವ ಕಾಯ್ದೆ, ಯಾವ ಕಲಂ ಎಂದಿದೆ ಎಂಬುದನ್ನು ಮೊದಲು ಓದಿಸಿ. ನಡುವೆ ಬಂದು ಮುಂಗಡ ಕೊಟ್ಟು ಖಾಲಿ ಕಾಗದಕ್ಕೆ, ಮುಖ್ತಿಯಾರ್ ಪತ್ರಕ್ಕೆ ಸಹಿ ಕೇಳುವವರಿಗೆ ಹೆಬ್ಬೆಟ್ಟು ಒತ್ತಬೇಡಿ.

ಪರಿಸರ ಅನುಮತಿಗೆ ಸಾರ್ವಜನಿಕ ವಿಚಾರಣೆ ನಡೆದರೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರುತ್ತದೆ, ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಅದರಲ್ಲಿ ಒಣಮೀನಿನ ದಂಡೆಯ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ ನಿಮ್ಮ ಮೊದಲ ಆಕ್ಷೇಪಣೆ ಅದೇ. ಎಷ್ಟು ಮನೆ, ದಿನಕ್ಕೆ ಎಷ್ಟು ಬುಟ್ಟಿ, ಯಾವ ಸಂತೆಗೆ ಹೋಗುತ್ತದೆ ಎಂದು ಸಂಖ್ಯೆಯಲ್ಲಿ ಬರೆದು ಕೊಡಿ, ಬಾಯಲ್ಲೂ ಹೇಳಿ. ಸಭೆಯ ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬ ನಿಯಮವಿದೆ. ಮೀನು ಹಾಳಾಗುತ್ತದೆಂದು ಎಲ್ಲರೂ ನಡುವೆಯೇ ಎದ್ದು ಹೋಗಬೇಡಿ. ನಾಲ್ಕು ಮಂದಿಯಾದರೂ ಕುಳಿತು, ನಿಮ್ಮ ಮಾತು ಅದರಲ್ಲಿ ಬಂದಿದೆಯೇ ಕೇಳಿಸಿಕೊಂಡೇ ಏಳಿ.