ಹೊಸನಗರದ ಹಳ್ಳಿಯಿಂದ ತಂಗೀನ ಬಿ.ಕಾಂ. ಓದಿಸಬೇಕು, ಮಧ್ಯದಲ್ಲಿ ನಿಲ್ಲದ ಹಾಗೆ ದುಡ್ಡು ಹೊಂದಿಸೋದು ಹೇಗೆ?

ನೀವು ಬರೆದಿರುವುದು ಇಷ್ಟು: ನಗರ ಹೋಬಳಿಯಲ್ಲಿ ಮನೆ, ಒಂದು ಎಕರೆ ಅಡಿಕೆ ತೋಟ, ಎಲೆಚುಕ್ಕಿ ರೋಗದಿಂದ ಫಸಲು ಇಳಿದಿದೆ. ತಂಗಿ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಸರ್ಕಾರಿಯಲ್ಲೇ ಮುಗಿಸಿದ್ದಾಳೆ. ಬಿ.ಕಾಂ.ಗೆ ಶಿವಮೊಗ್ಗವೋ ಹೊಸನಗರವೋ ಗೊತ್ತಾಗುತ್ತಿಲ್ಲ.

ಕಾಲೇಜು ಫೀಸಿನ ಚಿಂತೆ ಮೊದಲು ಬಿಡಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ, ಉಳಿದದ್ದು ಕೆಲವೇ ಸಾವಿರ. ನಮ್ಮ ಕಡೆ ಮಕ್ಕಳು ಓದು ಬಿಡುವುದು ಫೀಸಿನಿಂದಲ್ಲ. ತಿಂಗಳು ತಿಂಗಳು ಬರುವ ರೂಮು, ಊಟ, ಬಸ್ಸಿನ ಖರ್ಚಿನಿಂದ. ಅದೂ ಜುಲೈನಿಂದ ಡಿಸೆಂಬರ್‌ವರೆಗೆ. ಅಡ್ಮಿಷನ್ ಮಳೆಗಾಲಕ್ಕೆ, ಅಡಿಕೆ ದುಡ್ಡು ಕೈಗೆ ಬರುವುದು ಕೊಯ್ಲು ಮುಗಿದು, ಒಣಗಿಸಿ, ಮಂಡಿಗೆ ಹಾಕಿದ ಮೇಲೆ. ವಿದ್ಯಾರ್ಥಿವೇತನವೂ ಅಡ್ಮಿಷನ್ ಆಗಿ ಎಷ್ಟೋ ತಿಂಗಳ ಮೇಲೆಯೇ. ಈ ಆರು ತಿಂಗಳಿಗೆ ಬೇಕಾದ ನಗದು ಎಲ್ಲಿಂದ ಎಂದು ಈಗಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಶಿವಮೊಗ್ಗದಲ್ಲಿ ಪಿಜಿ ಆದರೆ ಊಟ ಸೇರಿ ತಿಂಗಳಿಗೆ 5–6 ಸಾವಿರ ಹಿಡಿಯಿರಿ, ಅಂದರೆ ಆರು ತಿಂಗಳಿಗೆ 30–36 ಸಾವಿರ. ಅಷ್ಟು ಮೊದಲೇ ಕೂಡಿಟ್ಟಿಲ್ಲದಿದ್ದರೆ, ಹಾಸ್ಟೆಲ್ ಸೀಟೂ ಖಾತ್ರಿ ಇಲ್ಲದಿದ್ದರೆ, ನನ್ನ ಮಾತು ಸ್ಪಷ್ಟ: ಹೊಸನಗರದ ಕೊಡಚಾದ್ರಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೇ ಸೇರಿಸಿ. ಅದೂ ಕುವೆಂಪು ವಿಶ್ವವಿದ್ಯಾಲಯದ್ದೇ, ಡಿಗ್ರಿಯೂ ಅದೇ. ಹಾಸ್ಟೆಲ್ ಸಿಕ್ಕರೆ ಶಿವಮೊಗ್ಗದ ಸಹ್ಯಾದ್ರಿ ವಾಣಿಜ್ಯ ಕಾಲೇಜಿನಂಥ ಕಡೆ ಖಂಡಿತ ಕಳಿಸಿ. ಸಿಎ, ಬ್ಯಾಂಕ್ ಪರೀಕ್ಷೆ ಕೋಚಿಂಗ್ ಇರುವುದು ಪೇಟೆಯಲ್ಲೇ.

ಬಸ್ಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ನಿಮ್ಮ ಊರಿನ ದಾರಿಯಲ್ಲಿ ಬೆಳಿಗ್ಗೆ ಕಾಲೇಜು ಹೊತ್ತಿಗೆ ಓಡುವುದು ಖಾಸಗಿ ಬಸ್ಸಾದರೆ ದಿನಾ ಟಿಕೆಟ್ ಕೊಡಲೇಬೇಕು. ಹೋಗಿ ಬರುವ ಟಿಕೆಟ್ಟನ್ನು ತಿಂಗಳ ಕಾಲೇಜು ದಿನ ಸುಮಾರು 24 ಎಂದು ಹಿಡಿದು ಗುಣಿಸಿ ನೋಡಿ, ಆಮೇಲೆ ತೀರ್ಮಾನ ಮಾಡಿ. ಸಂಜೆ ಕೊನೆಯ ಬಸ್ ಎಷ್ಟಕ್ಕೆ ಎಂಬುದೂ ಮುಖ್ಯ. ಮಧ್ಯಾಹ್ನದ ಕ್ಲಾಸ್ ಬಿಟ್ಟು ಓಡಬೇಕಾದರೆ ಹಾಜರಿ 75 ಪರ್ಸೆಂಟ್ ತಲುಪುವುದಿಲ್ಲ, ಪರೀಕ್ಷೆಗೆ ಕೂರಿಸುವುದಿಲ್ಲ.

ಈಗ ಕಾಗದಪತ್ರ. ಹೆಚ್ಚಿನ ಮನೆಗಳಲ್ಲಿ ದುಡ್ಡು ನಿಲ್ಲುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಕಾವ್ಯ ಕೆ', ಆಧಾರ್‌ನಲ್ಲಿ 'ಕಾವ್ಯ ಕೃಷ್ಣಪ್ಪ' ಅಂತಿದ್ದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಅಂಕಪಟ್ಟಿ ತಿದ್ದಿಸುವುದು ದೊಡ್ಡ ತಲೆನೋವು, ಆಧಾರನ್ನೇ ಅಂಕಪಟ್ಟಿಯ ಹಾಗೆ ಮಾಡಿಸಿ. ಜೊತೆಗೇ ಮೊಬೈಲ್ ನಂಬರ್ ಕೂಡ ನೋಡಿ. ಆಧಾರ್‌ಗೆ ಜೋಡಿಸಿದ ಸಿಮ್‌ಗೆ ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಒಟಿಪಿ ಬರುವುದಿಲ್ಲ. ಅರ್ಜಿ ಹಾಕುವ ದಿನ ಆ ಫೋನ್ ಜೊತೆಗೇ ಪೇಟೆಗೆ ಹೋಗಿ.

ಬ್ಯಾಂಕಿನಲ್ಲಿ 'ಆಧಾರ್ ಲಿಂಕ್ ಆಗಿದೆ' ಎಂದರೆ ಸಾಲದು. ನೇರ ವರ್ಗಾವಣೆಯ ಹಣ ಹೋಗುವುದು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಆಧಾರ್‌ಗೆ ಜೋಡಣೆಯಾದ ಒಂದೇ ಖಾತೆಗೆ, ಅಂದರೆ ಕೊನೆಯಲ್ಲಿ ಸೀಡ್ ಮಾಡಿಸಿದ ಖಾತೆಗೆ. ಶಾಲೆಯಲ್ಲಿದ್ದಾಗ ಒಂದು ಬ್ಯಾಂಕು, ಆಮೇಲೆ ಅಂಚೆಯಣ್ಣ ಬಂದು ತೆರೆದ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ, ಹೀಗೆ ಎರಡು ಮೂರು ಇರುತ್ತವೆ. ದುಡ್ಡು ಮರೆತುಹೋದ ಖಾತೆಗೆ ಬಿದ್ದಿರುತ್ತದೆ. ಆ ಖಾತೆ ನಿಷ್ಕ್ರಿಯವಾಗಿದ್ದರೆ ವಾಪಸ್ ಹೋಗಿರುತ್ತದೆ. ಮೈಆಧಾರ್ ವೆಬ್‌ಸೈಟಿನಲ್ಲಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ನೋಡಿದರೆ ಯಾವ ಬ್ಯಾಂಕು ಎಂದು ಕಾಣುತ್ತದೆ. ಎರಡು ನಿಮಿಷದ ಕೆಲಸ, ಅಡ್ಮಿಷನ್‌ಗೂ ಮೊದಲೇ ಮಾಡಿ.

ಅರ್ಜಿಗೆ ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಅಂದರೆ ಪ್ರಮಾಣಪತ್ರದ ಮೇಲೆ ಇರುವ ಸಂಖ್ಯೆ ಬೇಕು. ಆದಾಯದ್ದು 5 ವರ್ಷಕ್ಕೆ ಮುಗಿಯುತ್ತದೆ. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದರೆ ಈಗ ನಾಡಕಚೇರಿಯಲ್ಲಿ ಹೊಸದಾಗಿ ಮಾಡಿಸಿ. ಪದವಿ ಪ್ರವೇಶದ ಅರ್ಜಿ ಯುಯುಸಿಎಂಎಸ್ ಎಂಬ ವಿಶ್ವವಿದ್ಯಾಲಯಗಳ ಆನ್‌ಲೈನ್ ಪೋರ್ಟಲ್‌ನಲ್ಲಿ. ಸೀಟು ಸಿಕ್ಕ ಕೂಡಲೇ ಹಾಸ್ಟೆಲ್‌ಗೆ ರಾಜ್ಯ ಹಾಸ್ಟೆಲ್ ಪೋರ್ಟಲ್, ಅಂದರೆ ಎಸ್‌ಎಚ್‌ಪಿಯಲ್ಲಿ ಅರ್ಜಿ ಹಾಕಿ. ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದಿದ್ದರೆ ಎಸ್‌ಎಸ್‌ಪಿಯಲ್ಲಿ ವಿದ್ಯಾಸಿರಿ, ಅಂದರೆ ಊಟ–ವಸತಿ ನೆರವು ಕೇಳಬಹುದು. ಯೋಜನೆ ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ಕೊಡುತ್ತಿದ್ದರು. ಎರಡನೇ ವರ್ಷವೂ ಮತ್ತೆ ಅರ್ಜಿ ಹಾಕಬೇಕು. ತಾನಾಗಿಯೇ ಬರುತ್ತದೆ ಎಂದುಕೊಂಡು ಕಳೆದುಕೊಳ್ಳುವವರು ಬಹಳ.

ನಿಮ್ಮ ತಂಗಿಗೆ ಎಲ್ಲಕ್ಕಿಂತ ದೊಡ್ಡ ಆಸರೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ದೀಪಿಕಾ ವಿದ್ಯಾರ್ಥಿವೇತನ. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿಯಲ್ಲಿ ಓದಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ, ಕೋರ್ಸ್ ಮುಗಿಯುವವರೆಗೆ. ಅರ್ಜಿ ಹಾಕುವುದು ಮೊದಲ ವರ್ಷದಲ್ಲೇ. ಈಗ ತಪ್ಪಿಸಿಕೊಂಡರೆ ಮೂರೂ ವರ್ಷದ್ದು ಹೋಯಿತು. ಅಂಕ ಚೆನ್ನಾಗಿದ್ದರೆ, ಮನೆ ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ವಿದ್ಯಾರ್ಥಿವೇತನ ವರ್ಷಕ್ಕೆ 12,000. ಆದರೆ ಅದನ್ನು ತೆಗೆದುಕೊಂಡರೆ ಬೇರೆ ವಿದ್ಯಾರ್ಥಿವೇತನ ಪಡೆಯುವ ಹಾಗಿಲ್ಲ, ಲೆಕ್ಕ ಹಾಕಿ ಆರಿಸಿ.

ರೈತರ ಮಕ್ಕಳಿಗೆ ಕೊಡುವ ರೈತ ವಿದ್ಯಾನಿಧಿ 2021ರಲ್ಲಿ ಬಂದಾಗ ಡಿಗ್ರಿ ಹುಡುಗಿಯರಿಗೆ 5,500 ಇತ್ತು. ಅದಕ್ಕೆ ಅಪ್ಪ ಅಥವಾ ಅಮ್ಮನ ಹೆಸರಿನಲ್ಲಿ ಎಫ್‌ಐಡಿ, ಅಂದರೆ ಸರ್ಕಾರದ ಫ್ರೂಟ್ಸ್ ಪೋರ್ಟಲ್‌ನ ರೈತರ ಗುರುತಿನ ಸಂಖ್ಯೆ ಬೇಕು. ನಮ್ಮಲ್ಲಿ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇರುತ್ತದೆ, ಇಲ್ಲವೇ ಸಾಗುವಳಿ ಮಾಡುತ್ತಿರುವುದು ಬಗರ್‌ಹುಕುಂ, ಅಂದರೆ ಇನ್ನೂ ಮಂಜೂರಾಗದ ಸರ್ಕಾರಿ ಜಮೀನು. ಅಜ್ಜ ತೀರಿಕೊಂಡಿದ್ದರೆ ಮರಣಪತ್ರ, ವಂಶವೃಕ್ಷ ಇಟ್ಟು ಪೌತಿ ಖಾತೆ ಮಾಡಿಸಿ, ಬೆಳೆ ವಿಮೆಗೂ ಅದು ಬೇಕೇ ಬೇಕು. ರೈತ ವಿದ್ಯಾನಿಧಿಯ ಹಣವನ್ನು ಮಾತ್ರ ಬಜೆಟ್ಟಿನಲ್ಲಿ ಸೇರಿಸಬೇಡಿ.

ಸೇರಿದ ಮೇಲೆ ಮೊದಲ ಸೆಮಿಸ್ಟರೇ ನಿಜವಾದ ಕಷ್ಟ. ಕನ್ನಡ ಮಾಧ್ಯಮದಿಂದ ಬಂದವಳಿಗೆ ಅಕೌಂಟೆನ್ಸಿ ಇಂಗ್ಲಿಷಿನಲ್ಲಿ ಕೇಳಿದರೆ ದಿಗಿಲಾಗುತ್ತದೆ. ಕನ್ನಡದಲ್ಲಿ ಉತ್ತರ ಬರೆಯಲು ಅವಕಾಶ ಇದೆಯೇ ಎಂದು ಮೊದಲ ವಾರವೇ ಮೇಷ್ಟ್ರನ್ನು ಕೇಳಲಿ. ಅತಿಥಿ ಉಪನ್ಯಾಸಕರ ನೇಮಕ ತಡವಾದರೆ ಕೆಲವು ವಿಷಯದ ಪಾಠವೇ ತಡವಾಗಿ ಶುರುವಾಗುತ್ತದೆ. ಸೀನಿಯರ್‌ಗಳ ಹಳೇ ಪ್ರಶ್ನೆಪತ್ರಿಕೆ, ನೋಟ್ಸ್ ತರಿಸಿಕೊಳ್ಳಲಿ. ಅಡಿಕೆ ಗೊನೆ ಕೊಯ್ಲಿಗೆ, ಸುಲಿಯಲಿಕ್ಕೆ ಅವಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಬೇಡಿ. ಸುಲಿತಕ್ಕೆ ಆಳಿನ ಕೂಲಿ ಕೊಟ್ಟರೂ ಒಂದು ಸೆಮಿಸ್ಟರ್ ಕಳೆದುಕೊಳ್ಳುವುದಕ್ಕಿಂತ ಅಗ್ಗ.

ಫಲಿತಾಂಶ ಬಂದು ಒಂದೆರಡು ವಿಷಯ ಉಳಿದರೆ 'ಇನ್ನು ಸಾಕು, ಮದುವೆ ನೋಡೋಣ' ಎಂಬ ಮಾತು ಮನೆಯಲ್ಲಿ ಏಳುತ್ತದೆ. ಆಗ ನೀವು ಅಣ್ಣನಾಗಿ ಅವಳ ಪರ ನಿಲ್ಲಬೇಕು. ಉಳಿದ ವಿಷಯ ಇಟ್ಟುಕೊಂಡೇ ಮುಂದಿನ ಸೆಮಿಸ್ಟರಿಗೆ ಹೋಗಬಹುದು, ಆಮೇಲೆ ಮತ್ತೆ ಬರೆದು ಪಾಸಾಗಬಹುದು. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಮಾತ್ರ ತಪ್ಪಬಾರದು; ಅದಕ್ಕೆಂದೇ ಎರಡು ಸಾವಿರ ರೂಪಾಯಿ ಅವಳ ಖಾತೆಯಲ್ಲಿ ಬೇರೆಯಾಗಿ ಹಾಕಿಡಿ.