ವಸಡಿನ ಶಸ್ತ್ರಚಿಕಿತ್ಸೆ: ಒಪ್ಪುವ ಮುನ್ನ, ಮಾಡಿಸಿಕೊಂಡ ಮೇಲೆ

ಪ್ರಶ್ನೆ: ವಸಡಿನಿಂದ ರಕ್ತ ಬರುತ್ತಿದ್ದುದರಿಂದ ಎರಡು ತಿಂಗಳ ಹಿಂದೆ ಹಲ್ಲು ಕ್ಲೀನ್ ಮಾಡಿಸಿಕೊಂಡೆ. ಬಹುಪಾಲು ಕಡೆ ರಕ್ತ ನಿಂತಿದೆ. ಆದರೆ ಹಿಂದಿನ ಎರಡು ದವಡೆ ಹಲ್ಲುಗಳಿಗೆ ಫ್ಲಾಪ್ ಸರ್ಜರಿ ಆಗಬೇಕೆಂದು ದಂತವೈದ್ಯರು ಹೇಳುತ್ತಿದ್ದಾರೆ. ಅಲ್ಲಿ ನನಗೆ ಎಳ್ಳಷ್ಟೂ ನೋವಿಲ್ಲ. ಶಸ್ತ್ರಚಿಕಿತ್ಸೆ ನಿಜವಾಗಿಯೂ ಬೇಕೆ?

ಉತ್ತರ: ನೋವಿಲ್ಲ ಎಂಬುದನ್ನೇ ಆಧಾರವಾಗಿಟ್ಟುಕೊಂಡು ದಯವಿಟ್ಟು ತೀರ್ಮಾನಿಸಬೇಡಿ. ಹಲ್ಲನ್ನು ಹಿಡಿದಿಟ್ಟಿರುವ ಮೂಳೆಯನ್ನು ಕರಗಿಸುವ ಈ ಕಾಯಿಲೆ ಹೆಚ್ಚಿನವರಲ್ಲಿ ಸದ್ದಿಲ್ಲದೆ ಬೆಳೆಯುತ್ತದೆ. ಹಲ್ಲು ಅಲ್ಲಾಡತೊಡಗಿದ ಮೇಲೆ ಬರುವವರನ್ನು ಕಂಡಾಗಲೆಲ್ಲ, ಇವರಿಗೆ ಮೊದಲೇ ಒಂದಿಷ್ಟು ನೋವಾದರೂ ಕಾಣಿಸಿಕೊಂಡಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸುತ್ತದೆ.

ವೈದ್ಯರಲ್ಲಿ ನೀವು ಮುಖ್ಯವಾಗಿ ಕೇಳಬೇಕಾದದ್ದು ಅಳತೆಗಳನ್ನು. ಆರೋಗ್ಯವಾಗಿರುವ ವಸಡಿಗೂ ಹಲ್ಲಿಗೂ ನಡುವಿನ ಸಂದು ಸಾಮಾನ್ಯವಾಗಿ 1ರಿಂದ 3 ಮಿಲಿಮೀಟರ್ ಆಳವಿರುತ್ತದೆ. ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳಿಂದ ಉಂಟಾದ ಉರಿಯೂತ ಹಲವು ವರ್ಷ ಉಳಿದಾಗ ವಸಡು ಬೇರಿನಿಂದ ಬಿಟ್ಟುಕೊಂಡು, ಕೆಳಗಿನ ಮೂಳೆ ಕರಗಿ, ಆ ಸಂದು ಆಳವಾಗುತ್ತದೆ; ಅದನ್ನೇ ಪಾಕೆಟ್ ಎನ್ನುತ್ತೇವೆ. ಮೊದಲ ಹಂತದಲ್ಲಿ ವಸಡನ್ನು ಕೊಯ್ಯದೆ, ಬೇರಿನ ಮೇಲಿನ ಪಾಚಿಯನ್ನೂ ಗಟ್ಟಿಗಟ್ಟಿದ ಕಿಟ್ಟವನ್ನೂ ತೆಗೆಯುತ್ತಾರೆ. ನಂತರ ವಸಡಿಗೆ ಕೆಲವು ವಾರಗಳ ಕಾಲಾವಕಾಶ ಕೊಟ್ಟು ಪಾಕೆಟ್‌ಗಳನ್ನು ಮತ್ತೆ ಅಳೆಯುತ್ತಾರೆ. ಆಗಲೂ 4ರಿಂದ 5 ಮಿಲಿಮೀಟರ್ ಉಳಿದಿದ್ದರೆ ಇನ್ನೊಮ್ಮೆ ಹಾಗೆಯೇ ಸ್ವಚ್ಛಗೊಳಿಸುವುದು ಸಾಮಾನ್ಯ ಕ್ರಮ. 6 ಮಿಲಿಮೀಟರ್ ಅಥವಾ ಅದಕ್ಕಿಂತ ಆಳವಾದ ಪಾಕೆಟ್ ಉಳಿದಿದ್ದರೆ, ಅದರಲ್ಲಿಯೂ ಮುಟ್ಟಿದೊಡನೆ ರಕ್ತ ಬರುತ್ತಿದ್ದರೆ, ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ದವಡೆ ಹಲ್ಲುಗಳಲ್ಲೇ ಇದು ಉಳಿದಿರುವುದು ಆಶ್ಚರ್ಯವಲ್ಲ. ಅವುಗಳಿಗೆ ಎರಡು ಮೂರು ಬೇರುಗಳಿರುತ್ತವೆ. ಬೇರು ಕವಲೊಡೆಯುವ ಜಾಗ ಎಷ್ಟು ಇಕ್ಕಟ್ಟೆಂದರೆ, ಕಣ್ಣಿಗೆ ಕಾಣದೆ ಕೇವಲ ಕೈಯ ಅಂದಾಜಿನ ಮೇಲೆ ಉಪಕರಣ ಆಡಿಸುವ ಎಷ್ಟೇ ನುರಿತ ವೈದ್ಯರಿಗೂ ಅಲ್ಲಿನ ಕಿಟ್ಟವನ್ನು ಪೂರ್ತಿ ತೆಗೆಯುವುದು ಕಷ್ಟ. ಫ್ಲಾಪ್ ಸರ್ಜರಿಯ ಉದ್ದೇಶ ಆ ಜಾಗವನ್ನು ತೆರೆದು, ನೋಡಿ, ಸ್ವಚ್ಛಗೊಳಿಸುವುದು. ನಿಮ್ಮ ವೈದ್ಯರು ಮರುಪರೀಕ್ಷೆ ಮಾಡಿ ಹೇಳಿದ್ದರೆ ಸಲಹೆ ಕ್ರಮಬದ್ಧವಾಗಿಯೇ ಇದೆ. ಕ್ಲೀನಿಂಗ್ ಕೂಡ ಆಗದೆ ಮೊದಲ ಭೇಟಿಯಲ್ಲೇ ಸರ್ಜರಿ ಎಂದವರಿದ್ದರೆ ಕಾರಣ ಕೇಳಿ, ಬೇಕಿದ್ದರೆ ಇನ್ನೊಬ್ಬ ವಸಡು ತಜ್ಞರ ಅಭಿಪ್ರಾಯ ಪಡೆಯಿರಿ.

ಪ್ರಶ್ನೆ: ಶಸ್ತ್ರಚಿಕಿತ್ಸೆಯಲ್ಲಿ ಏನೇನು ಮಾಡುತ್ತಾರೆ? ಮೂಳೆ ಪುಡಿ ಹಾಕಿದರೆ ಕರಗಿದ ಮೂಳೆಯೆಲ್ಲ ಮರಳಿ ಬರುತ್ತದೆಯೆ?

ಉತ್ತರ: ಸಾಮಾನ್ಯವಾಗಿ ಆ ಭಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಡುತ್ತಾರೆ. ನೀವು ಎಚ್ಚರವಾಗಿದ್ದು, ಒತ್ತಡವೂ ಸದ್ದೂ ತಿಳಿಯುತ್ತದೆ, ನೋವು ತಿಳಿಯಬಾರದು. ತಿಳಿದರೆ ಕೂಡಲೇ ಕೈ ಎತ್ತಿ ಹೇಳಬೇಕು. ವಸಡನ್ನು ಬೇರಿನಿಂದ ಸರಿಸಿ, ಊದಿಕೊಂಡ ಅಂಗಾಂಶವನ್ನೂ ಕಿಟ್ಟವನ್ನೂ ತೆಗೆದು, ವಸಡನ್ನು ಮತ್ತೆ ಕೂರಿಸಿ ಹೊಲಿಗೆ ಹಾಕುತ್ತಾರೆ. ಕರಗದ ದಾರವಾದರೆ ಒಂದೆರಡು ವಾರದೊಳಗೆ ಹೊಲಿಗೆ ಬಿಚ್ಚುತ್ತಾರೆ.

ನೀವು ಕೇಳಿದ ಮೂಳೆ ಪುಡಿಯ, ಅಂದರೆ ಮೂಳೆ ಕಸಿಯ ಬಗ್ಗೆ ಅತಿಯಾದ ನಿರೀಕ್ಷೆಯನ್ನು ನಾನು ಆಗಾಗ ಕಾಣುತ್ತೇನೆ. ಫಲ ನಿಂತಿರುವುದು ಮೂಳೆ ಕರಗಿರುವ ಆಕಾರದ ಮೇಲೆ. ಒಂದು ಹಲ್ಲಿನ ಪಕ್ಕದಲ್ಲಿ ಗುಳಿಯಂತೆ ಆಳಕ್ಕೆ ಕರಗಿದ್ದು, ಸುತ್ತ ಮೂಳೆಯ ಗೋಡೆ ಉಳಿದಿದ್ದರೆ ಅಲ್ಲಿ ಹಾಕಿದ ಕಸಿ ನಿಲ್ಲುತ್ತದೆ, ಒಂದಷ್ಟು ಮೂಳೆ ಮರಳುವ ಸಾಧ್ಯತೆ ಚೆನ್ನಾಗಿದೆ. ಬಾಯಿಯುದ್ದಕ್ಕೂ ಎಲ್ಲ ಹಲ್ಲುಗಳ ಸುತ್ತ ಸಮನಾಗಿ ಮಟ್ಟ ಇಳಿದಿದ್ದರೆ ಅದನ್ನು ಮೊದಲಿನ ಎತ್ತರಕ್ಕೆ ಏರಿಸುವ ಭರವಸೆಯನ್ನು ಪ್ರಾಮಾಣಿಕವಾಗಿ ಕೊಡಲಾಗದು. ಅಂಥವರಲ್ಲಿ ಗುರಿ ಉಳಿದ ಮೂಳೆಯನ್ನು ಉಳಿಸಿಕೊಳ್ಳುವುದು.

ಪ್ರಶ್ನೆ: ನನಗೆ ಮಧುಮೇಹವಿದೆ, ರಕ್ತ ತೆಳುವಾಗಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತೇನೆ. ಸರ್ಜರಿಗೆ ಒಂದು ವಾರ ಮೊದಲೇ ಮಾತ್ರೆ ನಿಲ್ಲಿಸಬೇಕೆ? ದಿನಕ್ಕೆ ಕೆಲವು ಸಿಗರೇಟು ಸೇದುವ ಅಭ್ಯಾಸವೂ ಇದೆ.

ಉತ್ತರ: ಮಾತ್ರೆಯನ್ನು ನೀವಾಗಿಯೇ ಒಂದು ದಿನವೂ ನಿಲ್ಲಿಸಬೇಡಿ. ವಸಡಿನಿಂದ ಬರುವ ರಕ್ತವನ್ನು ಒತ್ತಿ ಹಿಡಿದು, ಹೊಲಿಗೆ ಹಾಕಿ ನಿಲ್ಲಿಸಬಹುದು. ಆದರೆ ಮಾತ್ರೆ ಬಿಟ್ಟ ದಿನಗಳಲ್ಲಿ ಹೃದಯದಲ್ಲೋ ಮೆದುಳಿನಲ್ಲೋ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಅಪಾಯ. ಕಡಿಮೆ ಪ್ರಮಾಣದ ಆಸ್ಪಿರಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಾಮಾನ್ಯವಾಗಿ ನಿಲ್ಲಿಸುವ ಅಗತ್ಯವೇ ಬೀಳುವುದಿಲ್ಲ. ವಾರ್ಫರಿನ್ ಆದರೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ತೋರಿಸುವ ಐಎನ್‌ಆರ್ ಪರೀಕ್ಷೆಯ ತೀರಾ ಇತ್ತೀಚಿನ ಫಲಿತಾಂಶ ಬೇಕು. ಬದಲಾವಣೆ ಬೇಕಿದ್ದರೆ ಅದನ್ನು ಮಾತ್ರೆ ಬರೆದ ವೈದ್ಯರೂ ದಂತವೈದ್ಯರೂ ಮಾತನಾಡಿಕೊಂಡು ನಿರ್ಧರಿಸಬೇಕು.

ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ನಿಧಾನವಾಗಿ ಮಾಯುತ್ತದೆ, ಸೋಂಕಿನ ಭಯ ಹೆಚ್ಚು. ಆದ್ದರಿಂದ ಹಿಂದಿನ ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ವರದಿಯನ್ನು ಜೊತೆಗೆ ಒಯ್ಯಿರಿ. ಮೂಳೆ ಸವೆತಕ್ಕೆ ಬಿಸ್ಫಾಸ್ಫೊನೇಟ್ ಅಥವಾ ಡೆನೊಸುಮಾಬ್ ಪಡೆಯುತ್ತಿರುವವರು, ಕೃತಕ ಹೃದಯ ಕವಾಟ ಇರುವವರು, ಗರ್ಭಿಣಿಯರು ಕೇಳುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಮೊದಲನೆಯವರಲ್ಲಿ ದವಡೆಯ ಮೂಳೆ ಮಾಯದೆ ಉಳಿಯುವ ತೊಂದರೆ ವಿರಳವಾದರೂ ಗಂಭೀರ, ಕವಾಟ ಇರುವವರಿಗೆ ಮುಂಚಿತವಾಗಿ ಆ್ಯಂಟಿಬಯಾಟಿಕ್ ಬೇಕಾಗುತ್ತದೆ, ಗರ್ಭಿಣಿಯರಿಗೆ ತುರ್ತಲ್ಲದ ಶಸ್ತ್ರಚಿಕಿತ್ಸೆಯನ್ನು ಹೆರಿಗೆಯ ನಂತರಕ್ಕೆ ಮುಂದೂಡಬಹುದು.

ಇನ್ನು ಸಿಗರೇಟು. ಅದು ವಸಡಿನ ರಕ್ತಸ್ರಾವವನ್ನು ತಗ್ಗಿಸಿ ಕಾಯಿಲೆಯನ್ನೇ ಮರೆಮಾಚುತ್ತದೆ, ಶಸ್ತ್ರಚಿಕಿತ್ಸೆಯ ಫಲವನ್ನೂ ಕುಗ್ಗಿಸುತ್ತದೆ. ಕಸಿ ಮಾಡಿಸಿಕೊಳ್ಳುವವರಂತೂ ಬಿಡಲೇಬೇಕೆಂದು ನನ್ನ ಒತ್ತಾಯ. ಒಮ್ಮೆಲೇ ಆಗದಿದ್ದರೆ ನಾಚಿಕೆಪಡದೆ ವೈದ್ಯರ ನೆರವು ಕೇಳಿ.

ಪ್ರಶ್ನೆ: ಫ್ಲಾಪ್ ಸರ್ಜರಿಯಾಗಿ ಒಂದು ತಿಂಗಳಾಗಿದೆ. ಹಲ್ಲುಗಳು ಮೊದಲಿಗಿಂತ ಉದ್ದವಾಗಿ ಕಾಣುತ್ತಿವೆ, ನಡುವೆ ಸಂದುಗಳಾಗಿವೆ, ತಣ್ಣೀರು ಕುಡಿದರೆ ಜುಂ ಎನ್ನುತ್ತದೆ. ಚಿಕಿತ್ಸೆ ಕೆಟ್ಟಿತೆ?

ಉತ್ತರ: ಇಲ್ಲ. ನಿಮಗೆ ಇದನ್ನು ಮೊದಲೇ ಯಾರಾದರೂ ಹೇಳಬೇಕಿತ್ತು. ಊದಿಕೊಂಡ ವಸಡು ಕರಗಿದ ಮೂಳೆಯ ಜಾಗವನ್ನು ಮುಚ್ಚಿತ್ತು. ಊತ ಇಳಿದಾಗ ವಸಡು ಕೆಳಗಿನ ಮೂಳೆಗೆ ಹೊಂದಿಕೊಂಡು ಕುಗ್ಗುತ್ತದೆ, ಬೇರಿನ ಮೇಲ್ಭಾಗ ಹೊರಗೆ ಕಾಣುತ್ತದೆ. ಆ ಭಾಗದ ಮೇಲೆ ಎನಾಮಲ್ ಹೊದಿಕೆ ಇಲ್ಲದ್ದರಿಂದ ತಂಪು ತಾಗುತ್ತದೆ. ಜುಂ ಎನ್ನುವುದು ಸಾಮಾನ್ಯವಾಗಿ ವಾರಗಳು ಕಳೆದಂತೆ ತಗ್ಗುತ್ತದೆ, ಅದಕ್ಕೆಂದೇ ಇರುವ ಪೇಸ್ಟ್ ನೆರವಾಗುತ್ತದೆ. ಹಲ್ಲು ಸ್ವಲ್ಪ ದಿನ ಹೆಚ್ಚು ಅಲ್ಲಾಡಿದಂತೆ ಅನ್ನಿಸುವುದೂ ಉಂಟು. ಕೀವು, ಜ್ವರ, ಹೆಚ್ಚುತ್ತಲೇ ಹೋಗುವ ಊತ ಕಂಡರೆ ಮಾತ್ರ ತಡಮಾಡದೆ ವೈದ್ಯರ ಬಳಿ ಹೋಗಿ.

ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಬಾಯಿ ಮುಕ್ಕಳಿಸುವುದನ್ನು ಹೇಳಿದಷ್ಟು ದಿನ ಮಾತ್ರ ಮಾಡಿ. ಹೆಚ್ಚು ಕಾಲ ಬಳಸಿದರೆ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ಹೊಸದಾಗಿ ಕಾಣುವ ಸಂದುಗಳಲ್ಲಿ ಬ್ರಷ್ಷಿನ ಎಳೆ ಹೋಗುವುದಿಲ್ಲವಾದ್ದರಿಂದ, ಸಂದಿನ ಅಳತೆಗೆ ಸರಿಯಾದ ಪುಟ್ಟ ಬ್ರಷ್ಷುಗಳನ್ನು ವೈದ್ಯರಿಂದ ಆರಿಸಿಕೊಂಡು ದಿನವೂ ಬಳಸಬೇಕು. ಹೀಗೆ ನೀವು ದಿನವೂ ಸ್ವಚ್ಛ ಮಾಡಿಕೊಳ್ಳಲು ಸಾಧ್ಯವಾಗುವಂತಹ ಬಾಯಿಯನ್ನು ಕೊಡುವುದೇ ಶಸ್ತ್ರಚಿಕಿತ್ಸೆಯ ಕೆಲಸ. ಪಾಚಿ ಮತ್ತೆ ಕೂರದಂತೆ ತಡೆಯುವ ಶಕ್ತಿ ಅದಕ್ಕಿಲ್ಲ. ಆರಂಭದಲ್ಲಿ ಸುಮಾರು ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಿ. ವಸಡಿನ ಸ್ಥಿತಿ ನೋಡಿ ವೈದ್ಯರು ಅಂತರವನ್ನು ಹೆಚ್ಚಿಸಬಹುದು.

ಪ್ರಶ್ನೆ: ಕೊಯ್ಯದೆ, ಹೊಲಿಯದೆ ಲೇಸರ್‌ನಿಂದಲೇ ಎಲ್ಲವೂ ಆಗುತ್ತದೆಯಂತೆ, ನಿಜವೆ?

ಉತ್ತರ: ವಸಡಿನ ಹೆಚ್ಚುವರಿ ಬೆಳವಣಿಗೆಯನ್ನು ಕತ್ತರಿಸುವುದಕ್ಕೆ ಲೇಸರ್ ಅನುಕೂಲವಾದ ಸಾಧನ, ರಕ್ತಸ್ರಾವವೂ ಕಡಿಮೆ. ಆಳವಾದ ಪಾಕೆಟ್‌ಗಳಿಗೆ ಅದು ಫ್ಲಾಪ್ ಸರ್ಜರಿಗಿಂತ ಮೇಲು ಎನ್ನುವಷ್ಟು ಗಟ್ಟಿಯಾದ ಆಧಾರವಿಲ್ಲ. ಯಾವ ಉಪಕರಣ ಎಂಬುದಕ್ಕಿಂತ, ಚಿಕಿತ್ಸೆಯ ನಂತರ ಪಾಕೆಟ್‌ಗಳ ಅಳತೆ ಎಷ್ಟಕ್ಕೆ ಇಳಿಯಬಹುದು ಎಂದು ಕೇಳಿ, ಮೊದಲಿನ ಮತ್ತು ನಂತರದ ಅಂಕಿಗಳೆರಡನ್ನೂ ಬರೆಸಿಕೊಳ್ಳಿ.