ಅಪ್ಪನ ನೆನಪಿಗೆ ಕುಂಡದಲ್ಲಿ ಹಣ್ಣಿನ ಗಿಡ ಬೆಳೆಸಬಹುದಾ?

ಅಪ್ಪ ತೀರಿಕೊಂಡು ಮೂರು ತಿಂಗಳಾಯಿತು, ಬಾಡಿಗೆ ಮನೆ, ನೆಡಲು ನೆಲವಿಲ್ಲ, ಕುಂಡದಲ್ಲಿ ಹಣ್ಣಿನ ಗಿಡ ಬೆಳೆಸಿ ಅವರ ಬೂದಿಯನ್ನು ಅದರ ಮಣ್ಣಿಗೆ ಸೇರಿಸಬಹುದಾ ಎಂದು ಕೇಳಿದ್ದೀರಿ. ಖಂಡಿತ ಬೆಳೆಸಬಹುದು. ಅಮ್ಮನ ನೆನಪಿಗೆ ನಾನೊಂದು ದಾಳಿಂಬೆ ಬೆಳೆಸಿದ್ದೇನೆ. ಏಳು ವರ್ಷವಾಯಿತು. ಅಷ್ಟರಲ್ಲಿ ಮೂರು ಸಲ ಮನೆ ಬದಲಾಯಿಸಿದೆವು, ಮೂರು ಸಲವೂ ಅದು ಜೊತೆಗೇ ಬಂತು. ನೆಲದಲ್ಲಿ ನೆಟ್ಟಿದ್ದರೆ ಬಿಟ್ಟು ಬರಬೇಕಾಗುತ್ತಿತ್ತು ಅಲ್ವಾ?

ಆದರೆ ದಾಳಿಂಬೆ ನನ್ನ ಎರಡನೇ ಗಿಡ. ಮೊದಲು ಒಂದು ನಿಂಬೆ ಇತ್ತು. ಅದರ ಹತ್ತಿರ ಹೋಗಿ ನಿಲ್ಲಲು ನನಗೆ ಏನಾದರೂ ಕೆಲಸ ಬೇಕಿತ್ತು, ಬೆಳಿಗ್ಗೆ ಸಂಜೆ ನೀರು ಹಾಕುತ್ತಿದ್ದೆ. ಎಲೆ ಹಳದಿಯಾದಾಗ ಬಾಯಾರಿದೆ ಅಂದುಕೊಂಡು ಇನ್ನೂ ಜಾಸ್ತಿ ಹಾಕಿದೆ. ಕಿತ್ತು ನೋಡಿದರೆ ಬೇರು ಕೊಳೆತು ಕಪ್ಪಾಗಿತ್ತು. ಆ ಖಾಲಿ ಕುಂಡವನ್ನು ಎತ್ತಿಡಲು ನನಗೆ ಎರಡು ತಿಂಗಳು ಬೇಕಾಯಿತು.

ಅದಕ್ಕೇ ಹೇಳುತ್ತೇನೆ, ನೆನಪಿನ ಗಿಡಕ್ಕೆ ದೊಡ್ಡ ಅಪಾಯ ನಮ್ಮ ಅತಿ ಪ್ರೀತಿ. ಬೆರಳನ್ನು ಎರಡು ಇಂಚು ಮಣ್ಣಿಗೆ ತೂರಿಸಿ ನೋಡಿ. ಒಣಗಿದ್ದರೆ ಮಾತ್ರ ನೀರು, ಅದೂ ತಳದ ತೂತಿನಿಂದ ಹೊರಬರುವಷ್ಟು. ಸುಮ್ನೆ ಪಕ್ಕದಲ್ಲಿ ಕೂರಬೇಕು ಅನಿಸಿದರೆ ಕೂತುಕೊಳ್ಳಿ, ಅದಕ್ಕೆ ನೀರಿನ ನೆಪ ಬೇಡ.

ಬೂದಿಯ ವಿಷಯ. ದಯವಿಟ್ಟು ಪೂರ್ತಿ ಕುಂಡಕ್ಕೆ ಸುರಿಯಬೇಡಿ. ಅದರಲ್ಲಿ ಹೆಚ್ಚಾಗಿ ಇರುವುದು ಮೂಳೆಯ ಕ್ಯಾಲ್ಸಿಯಂ ಫಾಸ್ಫೇಟ್, ಜೊತೆಗೆ ಉಪ್ಪಿನ ಅಂಶ. ತುಂಬಾ ಕ್ಷಾರ, ಪಿಹೆಚ್ (ಹುಳಿ-ಕ್ಷಾರದ ಅಳತೆ, 7 ಅಂದರೆ ಎರಡೂ ಅಲ್ಲ) 11–12ರ ಆಸುಪಾಸು. ಹಣ್ಣಿನ ಗಿಡಗಳಿಗೆ ಹಿತವಾಗುವುದು 6ರಿಂದ 7. ನೆಲದಲ್ಲಾದರೆ ಮಳೆ ನೀರಿಗೆ ಅಷ್ಟಿಷ್ಟು ಇಳಿದು ಹೋಗುತ್ತದೆ, ಕುಂಡದಲ್ಲಿ ಬೇರಿನ ಸುತ್ತಲೇ ಉಳಿಯುತ್ತದೆ. ನಾನು ಎರಡು ಚಮಚ ಮಾತ್ರ ತೆಗೆದುಕೊಂಡು, ದೊಡ್ಡ ಕುಂಡದ ಅಷ್ಟೂ ಮಣ್ಣು ಮತ್ತು ಕಾಂಪೋಸ್ಟ್ ಜೊತೆ ಚೆನ್ನಾಗಿ ಕಲಸಿದೆ. ಎರಡು ಚಮಚದಲ್ಲೂ ಅಮ್ಮ ಇದ್ದಾಳೆ.

ಗಿಡ ಯಾವುದು? ಅಪ್ಪನಿಗೆ ಇಷ್ಟವಿದ್ದ ಹಣ್ಣು ಕುಂಡಕ್ಕೆ ಒಗ್ಗುವುದಾದರೆ ಅದೇ ಇರಲಿ. ನಿಂಬೆ, ದಾಳಿಂಬೆ, ಅಂಜೂರ, ಸೀಬೆ ಚೆನ್ನಾಗಿ ಬರುತ್ತವೆ. ಬೀಜ ಹಾಕಬೇಡಿ. ನಿಂಬೆಯಂಥದ್ದು ಬೀಜದಿಂದ ಬಂದರೆ ಹಣ್ಣಿಗೆ ಐದಾರು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಕಾಯಬೇಕು. ಕಸಿ ಗಿಡವೋ ಗೂಟಿ ಗಿಡವೋ (ಕೊಂಬೆ ತಾಯಿಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ ಕತ್ತರಿಸಿಕೊಂಡದ್ದು) ತನ್ನಿ. ಕಸಿ ಗಿಡವಾದರೆ ಎರಡು ಗಿಡ ಕೂಡಿಸಿದ ಗಂಟು ಮಣ್ಣಿನಿಂದ ಮೇಲಿರಲಿ, ಅದರ ಕೆಳಗೆ ಬರುವ ಚಿಗುರನ್ನು ಕಿತ್ತುಬಿಡಿ. 12 ಇಂಚಿನ ಕುಂಡದಲ್ಲಿ ಶುರು ಮಾಡಿ, ಬೇರು ತುಂಬಿದ ಮೇಲೆ 18–20 ಇಂಚಿನದಕ್ಕೆ ಬದಲಿಸಿ. ದಿನಕ್ಕೆ ಆರು ಗಂಟೆ ಬಿಸಿಲು ಬೇಕು.

ಎರಡು ಮೂರು ವರ್ಷಕ್ಕೊಮ್ಮೆ ಗಿಡವನ್ನು ಹೊರಗೆ ತೆಗೆದು, ಸುತ್ತಿಕೊಂಡ ಹೊರ ಬೇರನ್ನು ಕಾಲು ಭಾಗದಷ್ಟು ಕತ್ತರಿಸಿ, ಹೊಸ ಮಣ್ಣು ತುಂಬಿ ಮತ್ತೆ ಅದೇ ಕುಂಡದಲ್ಲಿ ಕೂರಿಸಬೇಕು. ಇದು ನನಗೆ ಎಲ್ಲಕ್ಕಿಂತ ಕಷ್ಟವಾದ ಕೆಲಸ. ಮೊದಲ ಸಲ ಕತ್ತರಿ ಹಿಡಿದು ಅರ್ಧ ಗಂಟೆ ಸುಮ್ಮನೆ ನಿಂತಿದ್ದೆ. ಕತ್ತರಿಸದಿದ್ದರೆ ಬೇರು ತನ್ನನ್ನೇ ಸುತ್ತಿಕೊಂಡು ಗಿಡ ಸೊರಗುತ್ತದೆ. ಕತ್ತರಿಸಿದ ಒಂದು ತಿಂಗಳಿಗೆ ಹೊಸ ಚಿಗುರು ಬಂತು.

ಕೊನೆಗೆ ಒಂದು ಮಾತು, ಇದನ್ನು ತಪ್ಪಿಸಬೇಡಿ. ಗಿಡ ಗಟ್ಟಿಯಾದ ಮೇಲೆ ಅದರಿಂದ ಇನ್ನೊಂದು ಗಿಡ ಮಾಡಿಡಿ. ದಾಳಿಂಬೆ, ಅಂಜೂರವಾದರೆ ಪೆನ್ಸಿಲ್ ದಪ್ಪದ ಕಡ್ಡಿ ನೆಟ್ಟರೂ ಬೇರು ಬಿಡುತ್ತದೆ, ನಿಂಬೆ, ಸೀಬೆಗೆ ಗೂಟಿ ಕಟ್ಟಬಹುದು. ಹೀಗೆ ಬಂದದ್ದು ಬೇರೆ ಗಿಡವಲ್ಲ, ಅದೇ ಗಿಡ. ಒಂದಕ್ಕೆ ಏನಾದರೂ ಆದರೆ ಇನ್ನೊಂದು ಉಳಿದಿರುತ್ತದೆ. ನಮ್ಮ ದಾಳಿಂಬೆಯ ಕಡ್ಡಿಯೊಂದು ತಂಗಿಯ ಮನೆಯಲ್ಲಿದೆ. ಹೋದ ವರ್ಷ ಅದು ಮೊದಲ ಹೂ ಬಿಟ್ಟಾಗ ಅವಳು ಬೆಳಗಾಗುವ ಮೊದಲೇ ಫೋನ್ ಮಾಡಿದಳು.